ಚಾಕು ಸಂತೆಯಲ್ಲಿ ನನ್ನ ಹಿಡಿಗಳು

ಪೀಣ್ಯ

ಯಾರಾದರೂ ಪುಕ್ಕಟೆ ಟಿಕೆಟ್ ಕಳಿಸಿ ಪರದೇಶಕ್ಕೆ ಬನ್ನಿ ಅಂದರೆ ನೀವೇನು ಮಾಡುತ್ತೀರೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮೊದಲು ಬಾಗಿಲು ಹಾಕಿಕೊಂಡೆವು. ಆಮೇಲೆ ಮಾತಾಡಿದೆವು.

ಪೀಣ್ಯ ಎರಡನೇ ಹಂತದ ಹಿಂದಿನ ರಸ್ತೆಯಲ್ಲಿ ನಮ್ಮದೊಂದು ಶೆಡ್ ಇದೆ. ನಮ್ಮ ಮನೆಯವರು ಮಂಜುನಾಥ್ ಪಾಲಿಶಿಂಗ್ ಮಾಡುತ್ತಾರೆ. ನಾನು, ಜೊತೆಗೆ ಕೊಪ್ಪಳದ ಕಡೆಯ ಬಸಮ್ಮ, ಚಾಕುಗಳಿಗೆ ಹಿಡಿ ಹಾಕುತ್ತೇವೆ. ಅಡುಗೆಮನೆ ಚಾಕು ಅಲ್ಲ, ಮಡಚುವ ಚಾಕೂ ಅಲ್ಲ. ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳುವಂಥ ನೆಟ್ಟನೆಯ ಚಾಕು. ಅಲಗುಗಳು ಫಿನ್‌ಲೆಂಡಿನಿಂದ ಬರುತ್ತಿದ್ದವು, ವೇಯ್ಕೊ ಎಂಬ ಕಮ್ಮಾರರಿಂದ. ಅವರು ಅಲಗು ಬಡಿದು, ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಉಕ್ಕನ್ನು ಗಟ್ಟಿ ಮಾಡಿ ಕಳಿಸುತ್ತಿದ್ದರು, ನಾವು ಹಿಡಿ ಹಾಕಿ ಅವರಿಗೇ ವಾಪಸ್ ಕಳಿಸುತ್ತಿದ್ದೆವು. ಹಾಗೆ ಗಟ್ಟಿಯಾದ ಅಲಗಿನ ಬಾಲವನ್ನು, ಅಂದರೆ ಹಿಡಿಯೊಳಗೆ ಹೋಗುವ ತುದಿಯನ್ನು, ನಮಗೆ ಬೇಕಾದಂತೆ ತಿದ್ದುವುದಕ್ಕೆ ಆಗುವುದಿಲ್ಲ. ಉಕ್ಕು ಹೇಗಿದೆಯೋ ಹಾಗೆ ಮರ ಬಗ್ಗಬೇಕು. ಆನೇಕಲ್ ಕಡೆ ರಸ್ತೆ ಅಗಲ ಮಾಡಲು ಕಡಿದುಹಾಕಿದ ಹುಣಸೆಮರಗಳ ಚೇಗನ್ನು, ಅಂದರೆ ಒಳಗಿನ ಗಟ್ಟಿ ತಿರುಳನ್ನು, ಸಾಮಿಲ್‌ನಿಂದ ತಂದು, ಒಣಗಿಸಿ, ಒಳಗೆ ಸಂದು ಕೊರೆದು, ಆ ಬಾಲ ಬಿಗಿಯಾಗಿ ಕೂರುವಂತೆ ಮಾಡುವುದು ನನ್ನ ಕೆಲಸ. ಉಜ್ಜುವಾಗ ಅಲಗು ಕಾದರೆ ಗಟ್ಟಿತನ ಹೋಗಿಬಿಡುತ್ತದೆ. ಅದಕ್ಕೇ ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಹೆಬ್ಬೆರಳಿಟ್ಟು ಮುಟ್ಟಿ ಮುಟ್ಟಿ ನೋಡುತ್ತಿರಬೇಕು, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

ಈ ಕಸುಬು ಹಿಡಿದಾಗಿನಿಂದ ಅನುಮಾನ ನಮಗೆ ನೆಂಟ. ಒಮ್ಮೆ ಬೀಟ್ ಪೊಲೀಸಪ್ಪ ಶೆಡ್ಡಿನೊಳಗೆ ಇಣುಕಿ, ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಅಲಗುಗಳನ್ನು ನೋಡಿ, "ಏನಮ್ಮಾ ಇದು, ಲಾಂಗು ಮಾಡ್ತಿದೀರಾ? ಯಾವ ಗ್ಯಾಂಗಿಗೆ?" ಅಂದಿದ್ದ. ಲಾಂಗು ಅಂದರೆ ರೌಡಿಗಳ ಉದ್ದದ ಮಚ್ಚು. ಅಂಗೈಯಷ್ಟಿರುವ ಅಲಗು ತೋರಿಸಿ, ಕೊರಿಯರ್ ಚೀಟಿ ತೋರಿಸಿ, ಕಾಫಿ ಕುಡಿಸಿ ಕಳಿಸುವಷ್ಟರಲ್ಲಿ ಸಾಕುಬೇಕಾಯಿತು.

ಮೆಟ್ರೊ ಕಂಬಗಳು ಆಗಷ್ಟೇ ಏಳುತ್ತಿದ್ದ ವರ್ಷ ಅದು. ವೇಯ್ಕೊ ಅವರಿಂದ ಇ-ಮೇಲ್ ಬಂತು. ತಮ್ಮ ಊರಿನ ಹತ್ತಿರ ಬೇಸಿಗೆಯಲ್ಲಿ ಚಾಕು ಸಂತೆ ಸೇರುತ್ತದೆ, ಹಿಡಿ ಹಾಕುವವರು ಬಂದು ನೋಡಬೇಕು, ಖರ್ಚೆಲ್ಲ ತಮ್ಮದು. ಹಿಡಿ ಹಾಕುವವರು ಅಂದರೆ ನಾನು. ಮಂಜುನಾಥ್‌ಗೆ ಸ್ವಲ್ಪ ಇರುಸುಮುರುಸಾಯಿತು.

"ನನ್ನನ್ನ ಕರೀಲಿಲ್ಲ ಅಂತ ಹೇಳ್ತಿಲ್ಲ ಕಣೇ," ಅಂದರು. "ಆದ್ರೆ ನೀನೇ ಹೇಳು. ಇಷ್ಟು ವರ್ಷ ಒಂದು ಫೋನೂ ಮಾಡದ ಮನುಷ್ಯ ಈಗ ಟಿಕೆಟ್ ಕಳ್ಸಿ ಕರೀತಾನೆ ಅಂದ್ರೆ, ಏನೋ ಇದೆ."

"ಏನಿರುತ್ತೆ?"

"ಕೆಲಸ ಕಲ್ತ್ಕೊಂಡು ನಮ್ಮನ್ನ ಕೈ ಬಿಡ್ತಾನೆ. ನೀನು ಹೋಗು, ಆದ್ರೆ ಸಂದು ಹೆಂಗೆ ಕೊರೀತೀಯ ಅಂತ ಮಾತ್ರ ತೋರಿಸ್ಬೇಡ."

ಬಸಮ್ಮನ ಅನುಮಾನ ಬೇರೆ ಥರ. "ಅಕ್ಕಾರ, ಅಲ್ಲಿ ಏನರ ಕೊಟ್ರ ಹಂಗ ಬಾಯಾಗ ಹಾಕ್ಕೋಬ್ಯಾಡ್ರಿ. ಮೊದ್ಲ ಅವ್ರು ತಿಂತಾರೇನ್ ನೋಡ್ರಿ," ಅಂದಳು.

ಇಬ್ಬರ ಮಾತನ್ನೂ ಸೆರಗಿಗೆ ಗಂಟು ಹಾಕಿಕೊಂಡು ಹೊರಟೆ.

ಹೆಲ್ಸಿಂಕಿ

ವಿಮಾನದಿಂದ ಇಳಿದ ಮೇಲೆ ಗಾಜಿನ ಗೂಡಿನಲ್ಲಿದ್ದ ಅಧಿಕಾರಿ ಬಂದ ಕಾರಣ ಕೇಳಿದ. ಬೆಂಗಳೂರಿನ ನಿಲ್ದಾಣದಲ್ಲಿ "ನೈಫ್" ಎಂಬ ಪದ ಬಾಯಿಂದ ಬಿದ್ದದ್ದೇ ತಡ, ನನ್ನನ್ನು ಪಕ್ಕಕ್ಕೆ ಕರೆದು ಚೀಲವನ್ನೆಲ್ಲ ಬುಡಮೇಲು ಮಾಡಿದ್ದರು. ಚೀಲದಲ್ಲಿ ಹುಣಸೆಮರದ ತುಂಡುಗಳು, ಚಟ್ನಿಪುಡಿ, ರಾಗಿ ಹಿಟ್ಟು ಬಿಟ್ಟರೆ ಏನೂ ಇರಲಿಲ್ಲ. ಆದರೂ ಅಲ್ಲಿನ ಹುಡುಗಿ ರಾಗಿ ಹಿಟ್ಟನ್ನು ಮೂಸಿ ಮೂಸಿ ನೋಡಿದ್ದಳು. ಅದಕ್ಕೇ ಇಲ್ಲಿ ಜಾಣತನ ಮಾಡಿ "ಮರದ ಕೆಲಸ" ಅಂದೆ. ಅವನಿಗೆ ಸಾಲಲಿಲ್ಲ. ಎಂಥ ಮರದ ಕೆಲಸ ಅಂದ. ಕೊನೆಗೆ ಬಾಯಿ ಬಿಟ್ಟು, ಚಾಕುವಿಗೆ ಹಿಡಿ ಹಾಕುತ್ತೇನೆ ಅಂದೆ.

ಅಷ್ಟೊತ್ತೂ ಕಲ್ಲಿನಂತಿದ್ದ ಮುಖ ಅರಳಿತು. ನಮ್ಮಜ್ಜ ಕೊಟ್ಟ ಚಾಕು ಈಗಲೂ ನನ್ನ ಹತ್ತಿರ ಇದೆ ಅಂದ. ಮುದ್ರೆ ಒತ್ತಿ ಕಳಿಸಿದ. ಬಹಳ ಹೊತ್ತು ನಾನು ತಿರುಗಿ ತಿರುಗಿ ನೋಡುತ್ತಲೇ ಇದ್ದೆ. ಚಾಕು ಅಂದದ್ದಕ್ಕೆ ನಗುವ ಪೊಲೀಸನನ್ನು ಹೇಗೆ ನಂಬುವುದು?

ರೈಲಿನಲ್ಲಿ ಇನ್ನೊಂದು ವಿಚಿತ್ರ. ಎರಡು ಜನ ಕೂರುವ ಸೀಟಿನಲ್ಲಿ ಒಬ್ಬೊಬ್ಬರೇ ಕೂತಿದ್ದರು. ಹತ್ತಿದವರು ನನ್ನ ಪಕ್ಕದ ಜಾಗ ನೋಡಿ ಮುಂದೆ ಹೋಗಿ ನಿಂತುಕೊಂಡರು. ನನ್ನ ಸೀರೆಯ ಮೇಲೇನಾದರೂ ಚೆಲ್ಲಿದೆಯೇ ಅಂತ ನೋಡಿಕೊಂಡೆ. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತಿದರೆ ಮೂರನೆಯವರೂ "ಸ್ವಲ್ಪ ಸರೀರಿ ಅಕ್ಕ" ಅಂತ ತೊಡೆಯ ಮೇಲೇ ಕೂರುತ್ತಾರೆ. ಎದುರಿಗೆ ಬಣ್ಣ ಮೆತ್ತಿದ ಪ್ಯಾಂಟಿನ ಬಡಗಿಯೊಬ್ಬ ಕೂತಿದ್ದ. ಸೊಂಟದಲ್ಲಿ ಚಾಕು ನೇತಾಡುತ್ತಿತ್ತು. ಟಿಕೆಟ್ ನೋಡುವ ಹೆಂಗಸು ಬಂದು ಅವನ ಟಿಕೆಟ್ ನೋಡಿದಳೇ ಹೊರತು ಚಾಕು ನೋಡಲಿಲ್ಲ. ಅವನು ಅದನ್ನು ಹಿರಿದಾಗ ನಾನು ಕಾಲು ಮೇಲೆತ್ತಿಕೊಂಡೆ. ಅವನು ಸೇಬು ಹೆಚ್ಚಿ, ಒಂದು ಹೋಳು ನನ್ನತ್ತ ಚಾಚಿದ. ಬಸಮ್ಮನ ಮಾತು ನೆನಪಾಯಿತು. ಅವನು ತಿನ್ನುವವರೆಗೆ ಕಾದು ಆಮೇಲೆ ತಿಂದೆ.

ವೇಯ್ಕೊ ಅವರ ಊರು

ಊರಿನ ಹೆಸರು ಬರೆಯುವುದಿಲ್ಲ. ನನ್ನ ಬಾಯಿಗೆ ಅದು ಒಮ್ಮೆಯೂ ಸರಿಯಾಗಿ ಬರಲಿಲ್ಲ.

ನಿಲ್ದಾಣಕ್ಕೆ ವೇಯ್ಕೊ ಬಂದಿದ್ದರು. ಅರವತ್ತು ದಾಟಿದ ಎತ್ತರದ ಆಳು, ಬಿಳಿ ಗಡ್ಡ. ನಾನು ನಮಸ್ಕಾರ ಮಾಡಿದೆ, ಆಮೇಲೆ ಅವರ ಪದ್ಧತಿಯಂತೆ ಕೈ ಚಾಚಿದೆ. ಅವರು ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ತಲೆ ಬಾಗಿಸಿದರು. ನನ್ನ ಚೀಲವನ್ನು ಎತ್ತಿಕೊಂಡದ್ದು ಅವರ ಅಕ್ಕ ಐಲಾ, ಕಾರು ಓಡಿಸಿದ್ದೂ ಆಕೆಯೇ. ಇಷ್ಟು ದೂರದಿಂದ ಕರೆಸಿಕೊಂಡು ಕೈ ಕುಲುಕಲೂ ಹೇಸುವುದೇ? ಮಂಜುನಾಥ್ ಹೇಳಿದ್ದು ಸರಿ, ಏನೋ ಇದೆ.

ಮನೆ ಮರದ್ದು, ಸುತ್ತ ಕಾಡು. ಐಲಾಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ಆದರೂ ಆಕೆ ಬಾಯಿ ತುಂಬ ಮಾತಾಡುತ್ತಿದ್ದರು, ನಾನೂ ಕನ್ನಡದಲ್ಲೇ "ಹೌದಕ್ಕ, ಹೌದಕ್ಕ" ಅನ್ನುತ್ತಿದ್ದೆ. ಊಟದ ಮೇಲೆ ಕರೀ ಗುಳಿಗೆಯಂಥ ಮಿಠಾಯಿ ಕೊಟ್ಟರು. ಬಾಯಿಗೆ ಹಾಕಿದೆ. ಉಪ್ಪು, ಕಹಿ, ಮೇಲೆ ರಸ್ತೆಗೆ ಹಾಕುವ ಟಾರಿನ ವಾಸನೆ. ಆಯಿತು, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಐಲಾ ತಾವೇ ನಾಲ್ಕು ಬಾಯಿಗೆ ಹಾಕಿಕೊಂಡು ಚೀಪತೊಡಗಿದರು.

ಸಂಜೆ ಆಕೆ ಟವಲು ಹಿಡಿದು ನನ್ನನ್ನು ಹಿತ್ತಲಿನ ಮರದ ಕೋಣೆಗೆ ಕರೆದೊಯ್ದರು. ಒಳಗೆ ಕೆಂಡದ ಮೇಲೆ ಕಲ್ಲುಗಳು, ಒಲೆಯೊಳಗೆ ಹೊಕ್ಕಂಥ ಧಗೆ. ಐಲಾ ಮೈಮೇಲೆ ನೂಲೆಳೆಯೂ ಇಲ್ಲದೆ ಮೆಟ್ಟಿಲ ಮೇಲೆ ಕೂತು, ನೀನೂ ಬಿಚ್ಚು ಎಂಬಂತೆ ಕೈ ಮಾಡಿದರು. ನಾನು ಗೋಡೆಗಳಲ್ಲಿ ಕಂಡಿ ಇದೆಯಾ, ಕ್ಯಾಮೆರಾ ಇದೆಯಾ ಅಂತ ಮೂಲೆ ಮೂಲೆ ಹುಡುಕಿದೆ. ಕೊನೆಗೆ ಲಂಗ ಎದೆಗೆ ಕಟ್ಟಿಕೊಂಡು, ಬಾವಿಕಟ್ಟೆಯಲ್ಲಿ ಮೀಯುವ ಹೆಂಗಸಿನಂತೆ ಕೂತೆ. ಐಲಾ ಕಲ್ಲಿಗೆ ನೀರು ಚಿಮುಕಿಸಿದರು. ಹಬೆ ಎದ್ದಿತು. ಸುಳ್ಳೇಕೆ ಹೇಳಲಿ, ವಿಮಾನದಲ್ಲಿ ಹಿಡಿದುಕೊಂಡಿದ್ದ ಸೊಂಟ ಬಿಟ್ಟಿತು.

ಆದರೆ ವೇಯ್ಕೊ ನನ್ನ ಎದುರಿಗೆ ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಅವರ ಲೋಟ ಅಡುಗೆಮನೆಗೆ ಹೋಗುತ್ತಿತ್ತು. ಕಾರ್ಖಾನೆ ತೋರಿಸಿ ಅಂದರೆ "ನಾಳೆ" ಅನ್ನುತ್ತಿದ್ದರು. ಆ ನಾಳೆಯ ಬೆಳಿಗ್ಗೆ ಅವರು ಸಂತೆಯಲ್ಲಿ ಮಳಿಗೆ ಹಾಕಿಸಲು ಹೋದಾಗ ಬಾಗಿಲು ತೆರೆದಿತ್ತು. ನಾನು ಹೋಗಿ ನೋಡಿದೆ. ಕುಲುಮೆ, ಬಡಿಗಲ್ಲು, ಸುತ್ತಿಗೆ ಎಲ್ಲ ನಿನ್ನೆ ಮೊನ್ನೆ ಕೆಲಸ ಮಾಡಿದಂತಿದ್ದವು. ಆದರೆ ಕಿಟಕಿಯ ಕೆಳಗೆ ಮರದ ಕೆಲಸದ ಮೇಜು ಇತ್ತಲ್ಲ, ಅದರ ಮೇಲೆ ಧೂಳು. ಅಂಟಿನ ಟ್ಯೂಬು ಕಲ್ಲಾಗಿತ್ತು. ಮರ ಉಜ್ಜುವ ಉಪ್ಪು ಕಾಗದ ಹಾಳೆ ಹಾಳೆಯೇ ಮುದುರಿಕೊಂಡಿತ್ತು. ನನ್ನ ಕೆಲಸ ಕದಿಯುವವನ ಮೇಜು ಹೀಗಿರುವುದಿಲ್ಲ. ಅದು ಸಮಾಧಾನ ಕೊಡಬೇಕಿತ್ತು. ಬದಲಿಗೆ, ಹಾಗಾದರೆ ಇನ್ನೇನು ಎಂಬ ಹುಳ ಹೊಕ್ಕಿತು.

ಸಂತೆಯ ಮೊದಲ ದಿನ

ಕೆರೆಯಂಚಿನ ಬಯಲು. ಆ ದೇಶದಲ್ಲಿ ಕೆರೆ ಇಲ್ಲದ ಬಯಲೇ ಇಲ್ಲವೇನೋ. ಸಾಲು ಸಾಲು ಮಳಿಗೆ, ಎಲ್ಲದರಲ್ಲೂ ಚಾಕು. ಗಂಡಸರು, ಹೆಂಗಸರು, ಅಜ್ಜಿಯರು ಚಾಕು ಹಿಡಿದು ತೂಗಿ ನೋಡುತ್ತಿದ್ದರು, ನಾವು ಬದನೆಕಾಯಿ ಆರಿಸುವ ಹಾಗೆ. ಬೈಗುಳವಿಲ್ಲ, ನೂಕಾಟವಿಲ್ಲ. ಅಷ್ಟು ಅಲಗುಗಳ ನಡುವೆ ಅಷ್ಟು ಶಾಂತಿ ಕಂಡು ನನಗೆ ಭಯವೇ ಆಯಿತು.

ವೇಯ್ಕೊ ಅವರ ಮೇಜಿನ ಮೇಲೆ ನನ್ನ ಹಿಡಿಗಳು. ಕಡುಕೆಂಪು ಹುಣಸೆ, ಕೊರಳಿಗೆ ಹಿತ್ತಾಳೆ ಪಟ್ಟಿ, ಹೆಬ್ಬೆರಳು ಕೂರಲು ನಾನು ಮಾಡುವ ಸಣ್ಣ ತಗ್ಗು. ಸಾವಿರದಲ್ಲಿಟ್ಟರೂ ಗುರುತು ಹಿಡಿಯುತ್ತೇನೆ. ಜನ ಆ ತಗ್ಗಿನಲ್ಲಿ ಬೆರಳಿಟ್ಟು ತಲೆದೂಗುವುದನ್ನು ನೋಡಿ ಎದೆ ಉಬ್ಬಿತು. ಒಬ್ಬರು ಏನೋ ಕೇಳಿದರು, ವೇಯ್ಕೊ ಏನೋ ಹೇಳಿದರು. ಮತ್ತೊಬ್ಬರು ಕೇಳಿದರು, ಮತ್ತೆ ಅದೇ ಮಾತು. ಆ ಮಾತು ಕೇಳಿ ಯಾರೂ ನನ್ನ ಕಡೆ ತಿರುಗಲಿಲ್ಲ.

ಪಕ್ಕದ ಮಳಿಗೆಯಲ್ಲಿ ಚರ್ಮದ ಒರೆ ಮಾರುವ ಸನ್ನಾ ಎಂಬ ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು. ಮೆಲ್ಲಗೆ ಕೇಳಿದೆ, "ನಮ್ಮ ಸಾರ್ ಅವರಿಗೆಲ್ಲ ಏನಂತ ಹೇಳ್ತಿದಾರೆ?"

"ಅಲಗಿನಿಂದ ಹಿಡಿವರೆಗೂ ಎಲ್ಲ ನನ್ನ ಕೈಯಿಂದಲೇ ಆಗಿದ್ದು ಅಂತ. ವೇಯ್ಕೊ ಅಂದ್ರೆ ಅದಕ್ಕೇ ಹೆಸರು. ಎಷ್ಟು ಚೆಂದ ಅಲ್ವಾ ಆ ಮರ? ನೀವೇ ತಾನೇ ಮರ ಕಳಿಸೋರು? ಅವರು ಹೇಳಿದ್ರು, ಇಂಡಿಯಾದಿಂದ ಮರದ ವ್ಯಾಪಾರಿ ಬರ್ತಾರೆ ಅಂತ."

ಬೆಳಗಿನಿಂದ ನಾನು ಎಲ್ಲರಿಗೂ ಕೈಮುಗಿದು ನಗುತ್ತಿದ್ದೆ. ಅವರೂ ನಗುತ್ತಿದ್ದರು, ಮರದ ವ್ಯಾಪಾರಿಯನ್ನು ನೋಡಿ.

ಕೆರೆಯ ದಡ

ಜನ ಕರಗಿದ ಮೇಲೆ ಮಳಿಗೆಯ ಹಿಂದೆ ಅವರನ್ನು ತಡೆದು ನಿಲ್ಲಿಸಿದೆ. ನನ್ನದೂ ಮುರುಕು ಇಂಗ್ಲಿಷ್, ಅವರದೂ ಮುರುಕು. ಜಗಳಕ್ಕೆ ಅಷ್ಟು ಸಾಕು.

"ಸಾರ್, ನಾನು ಮರ ಮಾರೋಳಾ?"

ಅವರು ಕೆರೆಯ ಕಡೆ ತಿರುಗಿದರು.

"ನನ್ನನ್ನ ಯಾಕೆ ಕರೆಸಿದ್ರಿ? ನನ್ನ ಕಣ್ಣೆದುರಿಗೇ ಸುಳ್ಳು ಹೇಳೋಕಾ?"

ಆಗ ಅವರು ಜೇಬಿನಿಂದ ಕೈ ತೆಗೆದರು. ಎರಡೂ ಕೈ ನಡುಗುತ್ತಿದ್ದವು. ಚಳಿಯ ನಡುಕವಲ್ಲ, ನಿಲ್ಲಿಸಲಾಗದ ನಡುಕ. ಸುತ್ತಿಗೆ ಎತ್ತುವುದಕ್ಕೆ ಇನ್ನೂ ಆಗುತ್ತದೆ, ಆದರೆ ಸೂಜಿ ಕೆಲಸದಂಥ ಹಿಡಿಯ ಕೆಲಸ ಆಗುವುದಿಲ್ಲ ಅಂದರು. ಊರಿನಲ್ಲಿ ಐಲಾ ಒಬ್ಬರಿಗೇ ಗೊತ್ತು. ಅದು ಉಳಿದವರಿಗೆ ಗೊತ್ತಾದ ದಿನ ತನ್ನ ಹೆಸರು ಮುಗಿಯುತ್ತದೆ. ಇನ್ನು ಹೆಚ್ಚು ದಿನ ಮುಚ್ಚಿಡಲು ಆಗುವುದಿಲ್ಲ, ಯಾರ ಕೈಯಿಂದ ತನ್ನ ಕಸುಬು ಉಳಿದಿದೆಯೋ ಅವರನ್ನು ಒಮ್ಮೆ ನೋಡಬೇಕು ಅನ್ನಿಸಿತು, ಅದಕ್ಕೇ ಕರೆಸಿದೆ ಅಂದರು.

ನನಗೆ ಅಯ್ಯೋ ಅನ್ನಿಸಿತು. ನಿಲ್ದಾಣದಲ್ಲಿ ಕುಲುಕದ ಕೈಯ ಬಗ್ಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಸಿಟ್ಟು ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು.

"ನಿಮ್ಮ ಕೈಗೆ ಕಷ್ಟ ಬಂದಿದೆ, ಸರಿ. ನನ್ನ ಕೈ ಏನು ತಪ್ಪು ಮಾಡಿದೆ? ನಾಳೆ ಕೇಳಿದೋರಿಗೆ, ಹಿಡಿ ಇವರು ಹಾಕಿದ್ದು ಅಂತ ಹೇಳಿ."

"ಹೇಳಿದರೆ ಅವರು ಚಾಕು ಕೆಳಗಿಡುತ್ತಾರೆ," ಅಂದರು.

ನಾನು ನಂಬಲಿಲ್ಲ. ಅಷ್ಟು ಹೊತ್ತು ಬೆರಳಿಟ್ಟು ತಲೆದೂಗಿದವರು ಯಾಕೆ ಕೆಳಗಿಡುತ್ತಾರೆ? ಇದೂ ಅವರ ಇನ್ನೊಂದು ಆಟ ಅಂದುಕೊಂಡೆ.

ಎರಡನೆಯ ದಿನ

ಮೊದಲು ಬಂದವರು ಬೇಟೆಗಾರರಂತೆ ಕಾಣುತ್ತಿದ್ದ ವಯಸ್ಸಾದ ಮನುಷ್ಯ. ಒಂದು ಚಾಕು ಎತ್ತಿಕೊಂಡು, ಕೈಯಿಂದ ಕೈಗೆ ಬದಲಾಯಿಸಿ, ತಗ್ಗಿನಲ್ಲಿ ಹೆಬ್ಬೆರಳಿಟ್ಟು, ಹೆಂಡತಿಗೂ ಹಿಡಿಸಿ ನೋಡಿದರು. ಕೊಳ್ಳುವುದು ಖಂಡಿತ ಅನ್ನುವಾಗ ಏನೋ ಕೇಳಿದರು. ವೇಯ್ಕೊ ನನ್ನ ಕಡೆ ನೋಡಿದರು. ಒಂದು ಉಸಿರು ತಡೆದು ಏನೋ ಹೇಳಿ, ಗದ್ದದಿಂದ ನನ್ನನ್ನು ತೋರಿಸಿದರು.

ಆ ಮನುಷ್ಯ ನನ್ನ ಸೀರೆ ನೋಡಿದರು, ಮುಖ ನೋಡಿದರು, ಮತ್ತೆ ಚಾಕು ನೋಡಿದರು. ಅದೇ ಚಾಕು. ಈಗ ಅದನ್ನು ಬೆಳಕಿಗೆ ಹಿಡಿದು ಹಿತ್ತಾಳೆಗೂ ಮರಕ್ಕೂ ನಡುವೆ ಸಂದು ಹುಡುಕಿದರು. ಉಗುರಿನಿಂದ ಕೆರೆದರು. ಹಿಡಿ ಅಲ್ಲಾಡುತ್ತದೆಯೇ ಅಂತ ತಿರುಚಿದರು. ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೇ ಇನ್ನಷ್ಟು ಅನುಮಾನ ಬಂದ ಹಾಗೆ ಕಂಡಿತು. ಆಮೇಲೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಷ್ಟು ಮೆತ್ತಗೆ ಅದನ್ನು ಕೆಳಗಿಟ್ಟು, ಥ್ಯಾಂಕ್ಸ್ ಹೇಳಿ ಹೊರಟುಹೋದರು.

ಬೈದಿದ್ದರೆ ಒಂದು ಉತ್ತರ ಕೊಡಬಹುದಿತ್ತು. ಥ್ಯಾಂಕ್ಸ್‌ಗೆ ಏನಂತ ಉತ್ತರ ಕೊಡುವುದು?

ಅವರ ಹಿಂದೆ ಬಂದವರೂ ಹಾಗೇ ಮಾಡಿದರು, ಅವರ ನಂತರದವರೂ. ಒಬ್ಬ ಹುಡುಗ ಮಾತ್ರ ಸಂತೋಷದಿಂದ ಕೊಂಡು ನನ್ನ ಜೊತೆ ಫೋಟೊ ತೆಗೆಸಿಕೊಂಡ. ಚಾಕುವಿಗಿಂತ ಸೀರೆ ಅವನಿಗೆ ಹೆಚ್ಚು ಇಷ್ಟವಾಗಿತ್ತೇನೋ ಎಂಬ ಅನುಮಾನ ನನಗೆ ಈಗಲೂ ಇದೆ. ಸನ್ನಾ ನನ್ನ ಕಡೆ ನೋಡುವುದನ್ನು ಬಿಟ್ಟು ತನ್ನ ಒರೆಗಳನ್ನು ಜೋಡಿಸಿದ್ದನ್ನೇ ಜೋಡಿಸುತ್ತಿದ್ದಳು.

ಮಧ್ಯಾಹ್ನ ಐಲಾ ರೊಟ್ಟಿ, ಮೀನು ತಂದರು. ವೇಯ್ಕೊ ಮೊದಲ ಸಲ ನನ್ನ ಎದುರಿಗೇ, ಎಲ್ಲರ ಎದುರಿಗೇ ಲೋಟ ಹಿಡಿದರು. ಕಾಫಿ ಬೆರಳುಗಳ ಮೇಲೆ ಚೆಲ್ಲಿತು. ಪಕ್ಕದ ಮಳಿಗೆಗಳವರು ನೋಡಿದರು, ನೋಡಿ ಬೇರೆ ಕಡೆ ತಿರುಗಿದರು.

"ಮಧ್ಯಾಹ್ನದ ಮೇಲೆ ಬರೋರಿಗೆ ಏನು ಹೇಳಲಿ?" ಅಂತ ಕೇಳಿದರು. ವ್ಯಂಗ್ಯವಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು.

ಆ ಪ್ರಶ್ನೆ ಸಣ್ಣದಾಗಿರಲಿಲ್ಲ. ಅವರ ಚಾಕು ಹೋಗದಿದ್ದರೆ ಅಲಗು ಬರುವುದಿಲ್ಲ. ಅಲಗು ಬರದಿದ್ದರೆ ಪೀಣ್ಯದಲ್ಲಿ ನನ್ನ ಮೇಜು ಖಾಲಿ, ಬಸಮ್ಮನ ಮೇಜೂ ಖಾಲಿ. ಅವಳು ಬಾಗಲಗುಂಟೆಯಲ್ಲಿ ಒಂದು ಕೋಣೆ ಮಾಡಿಕೊಂಡು ತಂಗಿಯರನ್ನು ಓದಿಸುತ್ತಿದ್ದಾಳೆ. ಹೆಸರು ನನಗೊಬ್ಬಳಿಗೆ ಬೇಕು, ಅದರ ಪೆಟ್ಟು ಅವಳಿಗೂ ಬೀಳುತ್ತದೆ. ನಾಲ್ಕು ದಿನದಿಂದ ಕಂಡವರ ಮೇಲೆಲ್ಲ ಅನುಮಾನ ಪಡುತ್ತಿದ್ದವಳಿಗೆ ಆಗ ನನ್ನ ಮೇಲೇ ಅನುಮಾನ ಬಂತು. ಇದು ನ್ಯಾಯವೋ, ಬರೀ ಜಂಬವೋ?

ಎದುರಿಗೆ ಒಬ್ಬ ಹೆಂಗಸು ಚಾಕು ಎತ್ತಿಕೊಂಡಿದ್ದಳು. ಅವಳ ಹೆಬ್ಬೆರಳು ತಾನಾಗಿಯೇ ಆ ತಗ್ಗಿಗೆ ಹೋಯಿತು. ಆ ತಗ್ಗನ್ನು ನಾನು ಎಂಥ ಎಂಥ ಸೆಖೆಯಲ್ಲಿ, ಕರೆಂಟಿಲ್ಲದೆ, ಕೈಯಲ್ಲೇ ಉಜ್ಜಿ ಉಜ್ಜಿ ಮಾಡಿದ್ದೆ.

"ಇದ್ದದ್ದು ಹೇಳಿ ಸಾರ್," ಅಂದೆ. "ಇಡೋರು ಇಡಲಿ."

ಹೇಳಿದರು. ಆಕೆಯೂ ಕೆಳಗಿಟ್ಟಳು.

ಮತ್ತೆ ಪೀಣ್ಯ

ಮನೆಗೆ ಬಂದು ಎಲ್ಲ ಹೇಳಿದೆ. ಮಂಜುನಾಥ್, "ನಾನಾಗಿದ್ರೆ ಸುಮ್ನಿರ್ತಿದ್ದೆ ಕಣೇ," ಅಂದರು. ಬಸಮ್ಮನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ಕೇಳಿ, "ಹೋಗ್ಲಿ ಬಿಡ್ರಿ ಅಕ್ಕಾರ," ಅಂದಳು. ಆದರೆ ಮಾರನೆಯ ದಿನ ಕೆಲಸಕ್ಕೆ ತಡವಾಗಿ ಬಂದಳು. ಬೇರೆ ಕಡೆ ಕೆಲಸ ಕೇಳಿಕೊಂಡು ಬಂದಿರಬೇಕು ಅಂತ ನನಗನ್ನಿಸಿತು. ಕೇಳಲಿಲ್ಲ.

ಅಲಗು ಬರುವುದು ನಿಂತಿತು. ಒಂದು ಹೋಟೆಲ್ ಸಾಮಾನಿನ ಕಂಪನಿಗೆ ಸೌಟು, ಚಟ್ಟುಗಗಳಿಗೆ ಮರದ ಹಿಡಿ ಹಾಕಿಕೊಂಡು ಮಳೆಗಾಲ ಕಳೆದೆವು. ಆ ಕೆಲಸಕ್ಕೆ ಹೆಬ್ಬೆರಳಿಟ್ಟು ಮುಟ್ಟಿ ನೋಡುವುದೇನೂ ಬೇಡ.

ದೀಪಾವಳಿ ಕಳೆದ ಮೇಲೆ ಕೊರಿಯರ್‌ನಲ್ಲಿ ಒಂದು ಪೊಟ್ಟಣ ಬಂತು. ಮೊದಲಿನಷ್ಟು ದೊಡ್ಡದಲ್ಲ. ಎಣ್ಣೆ ಕಾಗದ ಬಿಚ್ಚಿದರೆ ಅಲಗುಗಳು. ಒಂದು ಮಗ್ಗುಲಿಗೆ ಎಂದಿನಂತೆ ವೇಯ್ಕೊ ಅವರ ಮುದ್ರೆ. ತಿರುಗಿಸಿದೆ. ಇನ್ನೊಂದು ಮಗ್ಗುಲಿಗೆ, ಹಿಡಿ ಹಾಕಿದ ಮೇಲೂ ಹೊರಗೇ ಕಾಣುವಂತೆ, ಇಂಗ್ಲಿಷಿನಲ್ಲಿ ನನ್ನ ಹೆಸರು ಒತ್ತಿದ್ದರು. ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ, ನಡುಗುವ ಕೈಯಲ್ಲಿ ಒಂದೊಂದಾಗಿ ಬಡಿದಂತೆ. ರತ್ನಮ್ಮ ಅನ್ನುವಲ್ಲಿ ಒಂದು ಮಕಾರ ಕಮ್ಮಿ.

"ಇದ್ಯಾರೇ ಇದು, ರತ್ನಮ?" ಅಂತ ಮಂಜುನಾಥ್ ನಕ್ಕರು.

ಬಸಮ್ಮ ಕತ್ತು ಚಾಚಿ ನೋಡಿ, "ಮ್ಯಾಲೆ ಮ್ಯಾಲೆ ಕೆತ್ತಿರಬೇಕ್ರಿ ಅಕ್ಕಾರ. ನಮಗ ತೋರ್ಸಾಕ. ಅಲ್ಲಿ ಮಾರೂ ಮುಂದ ಉಜ್ಜಿ ತೆಗೀತಾರ, ನೋಡ್ರಿ ಬೇಕಾರ," ಅಂದಳು.

ನನ್ನ ಮನಸ್ಸಿನಲ್ಲೂ ಅದೇ ಇತ್ತು. ಇರುವುದರಲ್ಲೇ ಹರಿತವಾದ, ಉಕ್ಕು ಉಜ್ಜುವ ಅರ ತೆಗೆದುಕೊಂಡು, ಅಲಗನ್ನು ಮೇಜಿನಂಚಿಗೆ ಒತ್ತಿಹಿಡಿದು, ಹೆಸರಿನ ಮೇಲೆ ಒಂದು ಎಳೆತ ಎಳೆದೆ. ಅರ ಗಾಜಿನ ಮೇಲೆ ಜಾರಿದಂತೆ ಕಿರ್ ಅಂತ ಜಾರಿತು. ಇನ್ನೊಂದು ಸಲ ಎಳೆದೆ. ಅಕ್ಷರಗಳು ಉಕ್ಕು ಇನ್ನೂ ಮೆತ್ತಗಿದ್ದಾಗಲೇ ಆಳಕ್ಕೆ ಇಳಿದಿದ್ದವು, ಆಮೇಲೆ ಅಲಗನ್ನು ಕಾಯಿಸಿ ಗಟ್ಟಿ ಮಾಡಿದ್ದರು. ಇನ್ನು ಅವರೂ ಅದನ್ನು ತೆಗೆಯುವಂತಿಲ್ಲ, ನಾನೂ ಆ ತಪ್ಪನ್ನು ತಿದ್ದುವಂತಿಲ್ಲ.

ಒದ್ದೆ ಬಟ್ಟೆ ಸುತ್ತಿ, ಮೊದಲ ಅಲಗನ್ನು ಬಸಮ್ಮನ ಕೈಗೆ ಕೊಟ್ಟೆ.